ಯೋಧನ ಮನಸ್ಸೂ ಸಮಾಜಕಾರ್ಯಕರ್ತನ ವೃತ್ತಿಯೂ

ಬೆಂಗಳೂರಿನಿಂದ ಹೊರಟ ರೈಲುಗಾಡಿ ಅರಸೀಕೆರೆಯನ್ನು ದಾಟಿ ಕಡೂರನ್ನು ಮುಟ್ಟುತ್ತದೆ. ಮುಂದೆ ಬೀರೂರು ಜಂಕ್ಷನ್ನಿನಲ್ಲಿ ದಾರಿ ಕವಲೊಡೆಯುತ್ತದೆ. ಒಂದು ಕವಲು ಅಜ್ಜಂಪುರದ ಮೇಲೆ ಹುಬ್ಬಳ್ಳಿಯ ಕಡೆಗೂ ಮತ್ತೊಂದು ತರೀಕೆರೆಯ ಮೇಲೆ ಶಿವಮೊಗ್ಗದ ಕಡೆಗೂ ಸಾಗುತ್ತವೆ. ರಜೆಯ ಮೇಲೋ ನಿವೃತ್ತಿಯ ನಂತರವೋ ತಮ್ಮ ಕಬ್ಬಿಣದ ಪೆಟ್ಟಿಗೆಯೊಡನೆ ಈ ನಿಲ್ದಾಣಗಳಲ್ಲಿ ಇಳಿಯುವ ಯೋಧರನ್ನು ಈ ಸೀಮೆಯ ವಾಚಕರು ನೋಡಿಯೇ ಇರುತ್ತಾರೆ. ಅವರಲ್ಲಿ ಕೈಕಾಲಿಗೆ ಪೆಟ್ಟಾದವರು ಯಾರೆಂಬುದು ಕಣ್ಣಿಗೆ ಕಾಣುತ್ತದೆ. ಮನಸ್ಸಿಗೆ ಪೆಟ್ಟಾದವರು ಯಾರೆಂಬುದು ಕಾಣುವುದಿಲ್ಲ. ಕಾಣದ ಈ ಗಾಯವನ್ನು ಗುರುತಿಸಿ, ಅದರ ಶುಶ್ರೂಷೆಗೆ ವೈದ್ಯನನ್ನೂ ಮನೆಯವರನ್ನೂ ಒಂದುಗೂಡಿಸುವ ವೃತ್ತಿಯೊಂದುಂಟು. ಅದಕ್ಕೆ ಮನೋವೈದ್ಯಕೀಯ ಸಮಾಜಕಾರ್ಯವೆಂದು ಹೆಸರು. ಆ ವೃತ್ತಿ ಹೇಗೆ ಹುಟ್ಟಿತು, ಅದರ ಕೆಲಸವೇನು, ನಮ್ಮ ಊರುಗಳಿಗೆ ಅದರಿಂದ ಏನು ಪ್ರಯೋಜನ ಎಂಬುದನ್ನು ಈ ಲೇಖನದಲ್ಲಿ ವಿಚಾರ ಮಾಡೋಣ.

ಈ ಸೀಮೆಗೂ ಸೈನ್ಯಕ್ಕೂ ಇರುವ ನಂಟು ಹಳೆಯದು. ಅಜ್ಜಂಪುರದಲ್ಲಿ ಅಮೃತಮಹಲ್ ತಳಿಯ ದನಗಳ ಸಂವರ್ಧನ ಕೇಂದ್ರವಿದೆ. ಹೈದರಾಲಿ ಮತ್ತು ಟಿಪ್ಪು ಸುಲ್ತಾನರ ಕಾಲದಲ್ಲಿ ಫಿರಂಗಿಗಳನ್ನೂ ದಂಡಿನ ಸರಂಜಾಮನ್ನೂ ಎಳೆದು ಹೆಸರಾದುದು ಈ ತಳಿಯೇ. ಯಾವ ಎತ್ತು ಎಷ್ಟು ಭಾರವನ್ನು ಎಷ್ಟು ದೂರ ಎಳೆದೀತು, ಅದಕ್ಕೆ ವಿಶ್ರಾಂತಿ ಯಾವಾಗ ಬೇಕು ಎಂಬುದನ್ನು ಅಂದಿನ ದಂಡಾಳುಗಳು ಚೆನ್ನಾಗಿ ಬಲ್ಲವರಾಗಿದ್ದರು. ಆದರೆ ಮನುಷ್ಯನ ಮನಸ್ಸಿನ ದಣಿವಿಗೂ ಅಂಥದೇ ಲೆಕ್ಕವೊಂದು ಇದೆಯೆಂಬುದನ್ನು ಲೋಕದ ಸೈನ್ಯಗಳು ಅರಿಯಲು ಇಪ್ಪತ್ತನೆಯ ಶತಮಾನದ ವರೆಗೆ ಕಾಯಬೇಕಾಯಿತು.

ಸಿಡಿಗುಂಡೂ ಒತ್ತಡದ ಅಲೆಯೂ

ಮೊದಲನೆಯ ಮಹಾಯುದ್ಧವು 1914ರಲ್ಲಿ ಆರಂಭವಾದ ಕೆಲವೇ ತಿಂಗಳುಗಳಲ್ಲಿ ಫ್ರಾನ್ಸಿನ ಕಂದಕಗಳಿಂದ ವಿಚಿತ್ರವಾದ ರೋಗಿಗಳು ಆಸ್ಪತ್ರೆಗೆ ಬರತೊಡಗಿದರು. ಮೈಮೇಲೆ ಗಾಯವಿಲ್ಲ, ಆದರೂ ಒಬ್ಬನಿಗೆ ಮಾತು ಹೊರಡದು, ಮತ್ತೊಬ್ಬನಿಗೆ ಕಣ್ಣು ಕಾಣದು, ಇನ್ನೊಬ್ಬನ ಕೈಕಾಲುಗಳ ನಡುಕ ನಿಲ್ಲದು. ಇಂಥ ಮೂವರು ರೋಗಿಗಳ ವೃತ್ತಾಂತವನ್ನು ಇಂಗ್ಲೆಂಡಿನ ಚಾರ್ಲ್ಸ್ ಮೈಯರ್ಸ್ ಎಂಬ ಮನಶ್ಶಾಸ್ತ್ರಜ್ಞನು 1915ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದನು. ‘ಷೆಲ್ ಷಾಕ್’, ಎಂದರೆ ಸಿಡಿಗುಂಡಿನ ಆಘಾತ, ಎಂಬ ಹೆಸರು ವೈದ್ಯಕೀಯ ಸಾಹಿತ್ಯವನ್ನು ಹೊಕ್ಕುದು ಆ ಲೇಖನದ ಮೂಲಕ.

ಹೆಸರಿಗೆ ತಕ್ಕಂತೆ, ಮೊದಮೊದಲು ಇದರ ಕಾರಣವನ್ನು ಭೌತವಿಜ್ಞಾನದಲ್ಲಿಯೇ ಹುಡುಕಿದರು. ಸಿಡಿಗುಂಡು ಒಡೆದಾಗ ಅದರ ಸುತ್ತಲಿನ ಗಾಳಿಯು ಒಮ್ಮೆಲೇ ಅದುಮಲ್ಪಟ್ಟು, ಶಬ್ದಕ್ಕಿಂತ ವೇಗವಾಗಿ ಚಲಿಸುವ ಒತ್ತಡದ ಅಲೆಯೊಂದು ಹೊರಡುತ್ತದೆ. ಕೆಲವು ಸಾವಿರಾಂಶ ಸೆಕೆಂಡುಗಳ ಕಾಲ ಒತ್ತಡವು ಮಿತಿಮೀರಿ ಏರಿ, ಕೂಡಲೇ ಸಾಮಾನ್ಯ ಮಟ್ಟಕ್ಕಿಂತಲೂ ಕೆಳಗಿಳಿಯುತ್ತದೆ. ಈ ಏರಿಳಿತಕ್ಕೆ ಕಿವಿಯ ತಮಟೆ ಹರಿಯಬಹುದು, ಶ್ವಾಸಕೋಶ ಒಡೆಯಬಹುದು. ಹಾಗಾದರೆ ಮಿದುಳಿನೊಳಗಿನ ಸೂಕ್ಷ್ಮ ರಕ್ತನಾಳಗಳೂ ಏಕೆ ಒಡೆಯಬಾರದು? ಈ ತರ್ಕ ಯುಕ್ತವಾಗಿಯೇ ಇತ್ತು.

ಆದರೆ ತರ್ಕವು ಯುಕ್ತವಾಗಿದ್ದ ಮಾತ್ರಕ್ಕೆ ಸತ್ಯವಾಗದು. ಅದನ್ನು ಪ್ರತ್ಯಕ್ಷ ಸಂಗತಿಗಳ ಒರೆಗಲ್ಲಿಗೆ ಹಚ್ಚಬೇಕು. ಹಚ್ಚಿ ನೋಡಿದಾಗ ಎರಡು ತೊಡಕುಗಳು ಕಂಡವು. ಸಿಡಿಗುಂಡಿನ ಹತ್ತಿರಕ್ಕೂ ಹೋಗದ ಎಷ್ಟೋ ಮಂದಿಯಲ್ಲಿ ಇವೇ ಲಕ್ಷಣಗಳಿದ್ದುವು. ಸ್ಫೋಟಕ್ಕೆ ಸಿಕ್ಕಿ ಭಾರಿ ಗಾಯಗೊಂಡ ಎಷ್ಟೋ ಮಂದಿಯಲ್ಲಿ ಈ ಲಕ್ಷಣಗಳು ಇರಲಿಲ್ಲ. ಕಾರಣವಿಲ್ಲದೆಡೆ ಕಾರ್ಯವೂ, ಕಾರಣವಿದ್ದೆಡೆ ಕಾರ್ಯದ ಅಭಾವವೂ ಕಂಡುಬಂದ ಮೇಲೆ ಆ ಕಾರಣವನ್ನು ಕೈಬಿಡದೆ ಗತ್ಯಂತರವಿಲ್ಲ. ತಾನು ಪ್ರಚಾರಕ್ಕೆ ತಂದ ಹೆಸರು ಸಮರ್ಪಕವಾದುದಲ್ಲವೆಂದು ಮೈಯರ್ಸನೇ ಮುಂದೆ ಒಪ್ಪಿಕೊಂಡನು. ಸ್ಫೋಟದ ಅಲೆಯಿಂದ ಮಿದುಳಿಗೆ ನಿಜವಾಗಿಯೂ ಹಾನಿಯಾಗುವ ಸಂದರ್ಭಗಳುಂಟೆಂದು ಈಚಿನ ಸಂಶೋಧನೆ ತೋರಿಸಿದೆ, ಸರಿ. ಆದರೆ ಕಂದಕದ ಆ ರೋಗಿಗಳಲ್ಲಿ ಬಹುಮಂದಿಯ ಸಂಕಟದ ಮೂಲವು ದೀರ್ಘಕಾಲದ ಭಯ, ನಿದ್ರಾಹೀನತೆ, ಕಣ್ಣೆದುರಿನ ಸಾವು ಮತ್ತು ಅವನ್ನು ಯಾರೊಡನೆಯೂ ಹೇಳಿಕೊಳ್ಳಲಾರದ ಒಂಟಿತನ, ಇವುಗಳಲ್ಲಿತ್ತು.

ಈ ಸಂಗತಿಯನ್ನು ಸ್ಪಷ್ಟಪಡಿಸಿದವರಲ್ಲಿ ಡಬ್ಲ್ಯು. ಎಚ್. ಆರ್. ರಿವರ್ಸ್ ಮುಖ್ಯನು. ಈತನ ಹೆಸರು ನಮ್ಮವರಿಗೆ ತೀರ ಅಪರಿಚಿತವಲ್ಲ. ನಮ್ಮ ನೆರೆಯ ನೀಲಗಿರಿಯ ತೋಡರ ನಡುವೆ ಇದ್ದು, ಅವರ ಬಾಳನ್ನು ಕುರಿತು 1906ರಲ್ಲಿ ದೊಡ್ಡ ಗ್ರಂಥವನ್ನು ಪ್ರಕಟಿಸಿದವನು ಈತನೇ. ಯುದ್ಧಕಾಲದಲ್ಲಿ ಎಡಿನ್‌ಬರೋ ಬಳಿಯ ಕ್ರೇಗ್‌ಲಾಕ್‌ಹಾರ್ಟ್ ಆಸ್ಪತ್ರೆಯಲ್ಲಿ ಅಧಿಕಾರಿಗಳಿಗೆ ಚಿಕಿತ್ಸೆ ನೀಡುತ್ತ, ರಣರಂಗದ ನೆನಪುಗಳನ್ನು ಬಲವಂತವಾಗಿ ಅದುಮಿಡುವುದರಿಂದಲೇ ರೋಗವು ಬೆಳೆಯುತ್ತದೆ ಎಂದು ಅವನು ಕಂಡುಕೊಂಡನು. ‘ಮರೆತುಬಿಡು’ ಎಂಬ ಉಪದೇಶವೇ ಕೆಲವರ ಪಾಲಿಗೆ ವಿಷವಾಗಿತ್ತು.

ಲೋಹದ ದಣಿವು, ಮನುಷ್ಯನ ದಣಿವು

ಇಲ್ಲಿ ಭೌತವಿಜ್ಞಾನದಿಂದ ಒಂದು ಹೋಲಿಕೆಯನ್ನು ತೆಗೆದುಕೊಳ್ಳಬಹುದು. ಹತ್ತೊಂಬತ್ತನೆಯ ಶತಮಾನದ ನಡುಗಾಲದಲ್ಲಿ ಯೂರೋಪಿನ ರೈಲ್ವೆಗಳಲ್ಲಿ ಗಾಡಿಗಳ ಅಚ್ಚುಗಳು ಹಠಾತ್ತನೆ ಮುರಿದು ಅಪಘಾತಗಳಾಗುತ್ತಿದ್ದುವು. ಅಚ್ಚಿನ ಉಕ್ಕು ದೃಢವಾಗಿಯೇ ಇರುತ್ತಿತ್ತು. ಹೊತ್ತ ಭಾರವೂ ಮಿತಿಯೊಳಗೇ ಇರುತ್ತಿತ್ತು. ಜರ್ಮನಿಯ ಆಗಸ್ಟ್ ವೋಲರ್ ಎಂಬ ಎಂಜಿನಿಯರು ಬಹುಕಾಲ ಪರೀಕ್ಷೆಗಳನ್ನು ನಡೆಸಿ ಇದರ ಗುಟ್ಟನ್ನು ಕಂಡುಹಿಡಿದನು. ಒಂದೇ ಸಲಕ್ಕೆ ಮುರಿಯಲಾರದಷ್ಟು ಅಲ್ಪವಾದ ಭಾರವೂ ಲಕ್ಷಾಂತರ ಸಲ ಹಾಕಿ ತೆಗೆದರೆ ಲೋಹದೊಳಗೆ ಕಾಣದ ಬಿರುಕನ್ನು ಬೆಳೆಸಿ ಕೊನೆಗೆ ಅದನ್ನು ಮುರಿಯಬಲ್ಲುದು. ಇದಕ್ಕೆ ಲೋಹದ ದಣಿವು ಎಂದು ಹೆಸರು. ಮುರಿದ ಅಚ್ಚನ್ನು ‘ಹೇಡಿ’ ಎಂದು ಯಾರೂ ಜರೆಯುವುದಿಲ್ಲ. ಅದರ ಮೇಲೆ ಎಷ್ಟು ಭಾರ ಎಷ್ಟು ಸಲ ಬಿತ್ತೆಂದು ಲೆಕ್ಕ ಹಾಕುತ್ತೇವೆ.

ಎರಡನೆಯ ಮಹಾಯುದ್ಧದಲ್ಲಿ ಮನುಷ್ಯರ ವಿಷಯದಲ್ಲಿಯೂ ಇಂಥ ಲೆಕ್ಕವೊಂದು ಹೊರಬಿತ್ತು. ಅಮೆರಿಕದ ಜಾನ್ ಅಪೆಲ್ ಮತ್ತು ಗಿಲ್ಬರ್ಟ್ ಬೀಬ್ ಎಂಬವರು ತಮ್ಮ ಸೈನ್ಯದ ಪದಾತಿಗಳ ದಾಖಲೆಗಳನ್ನು ಪರಿಶೀಲಿಸಿ, ಸರಾಸರಿ 200ರಿಂದ 240 ದಿನಗಳ ಕಾಳಗದಲ್ಲಿ ಎಂಥ ಯೋಧನೂ ಸವೆದುಹೋಗುತ್ತಾನೆ ಎಂದು 1946ರಲ್ಲಿ ವರದಿ ಮಾಡಿದರು. ಕುಸಿತವು ದುರ್ಬಲರಿಗೆ ಮಾತ್ರ ಬರುವ ದೋಷವೆಂಬ ಹಳೆಯ ನಂಬಿಕೆಗೆ ಇದು ದೊಡ್ಡ ಪೆಟ್ಟಾಯಿತು. ಧೈರ್ಯವಂತನಿಗೂ ಮಿತಿಯುಂಟು, ವ್ಯತ್ಯಾಸವೆಲ್ಲ ಅದು ಎಂದು ಬರುತ್ತದೆ ಎಂಬುದರಲ್ಲಿ ಮಾತ್ರ.

ಯಾವ ಹೋಲಿಕೆಯೂ ಕೊನೆಯ ವರೆಗೆ ನಡೆಯುವುದಿಲ್ಲ. ಬಿರುಕು ಬಿಟ್ಟ ಲೋಹವು ತಾನಾಗಿ ಕೂಡಿಕೊಳ್ಳದು. ಮನುಷ್ಯನ ಮನಸ್ಸು ಕೂಡಿಕೊಳ್ಳಬಲ್ಲುದು. ಹೇಗೆ? ಅಮೆರಿಕದ ವೈದ್ಯ ಥಾಮಸ್ ಸಾಲ್ಮನ್ ಎಂಬವನು 1917ರಲ್ಲಿ ಬ್ರಿಟಿಷ್ ಸೈನ್ಯದ ಅನುಭವವನ್ನು ಅಭ್ಯಸಿಸಿ ತನ್ನ ದೇಶಕ್ಕೆ ಮಾಡಿದ ಸಲಹೆಗಳಿಂದ ಮೂರು ಸೂತ್ರಗಳು ರೂಪುಗೊಂಡವು. ರೋಗಿಯನ್ನು ಅವನ ದಳದಿಂದ ಬಹುದೂರ ಒಯ್ಯದೆ ಸಮೀಪದಲ್ಲಿಯೇ ಚಿಕಿತ್ಸೆ ನೀಡುವುದು; ತಡಮಾಡದೆ ನೀಡುವುದು; ಅವನು ಗುಣವಾಗುವನೆಂಬ ಭರವಸೆಯನ್ನು ಮೊದಲ ದಿನದಿಂದಲೂ ಅವನಲ್ಲಿ ಹುಟ್ಟಿಸುವುದು. ಸಾಮೀಪ್ಯ, ಶೀಘ್ರತೆ, ಭರವಸೆ ಎಂದು ಇವನ್ನು ನೆನಪಿಟ್ಟುಕೊಳ್ಳಬಹುದು. ಈ ಮೂರರ ಹಿಂದೆಯೂ ಒಂದೇ ತತ್ತ್ವವಿದೆ. ಯೋಧನನ್ನು ಎತ್ತಿಹಿಡಿಯುವುದು ಅವನ ಸಂಗಡಿಗರ ಬಂಧ. ಆ ಬಂಧ ಹರಿದರೆ ಅವನು ಕುಸಿಯುತ್ತಾನೆ, ಉಳಿದರೆ ಚೇತರಿಸಿಕೊಳ್ಳುತ್ತಾನೆ. ಇದನ್ನು ವಾಚಕರು ಚೆನ್ನಾಗಿ ಗಮನದಲ್ಲಿಡಬೇಕು, ಏಕೆಂದರೆ ಮುಂದೆ ಹೇಳುವುದೆಲ್ಲವೂ ಇದರ ಮೇಲೆ ನಿಂತಿದೆ.

ಒಂದು ವೃತ್ತಿಯ ಜನನ

ಸೈನಿಕನು ಸೇವೆಯಲ್ಲಿರುವ ತನಕ ಅವನ ಬಂಧುಗಳು ಅವನ ಸಂಗಡಿಗರು. ಸೇವೆ ಮುಗಿಸಿ ಊರಿಗೆ ಬಂದ ದಿನವೇ ಆ ಬಂಧ ಕಳಚಿತು. ಇನ್ನು ಅವನನ್ನು ಎತ್ತಿಹಿಡಿಯಬೇಕಾದವರು ಮನೆಯವರು, ನೆರೆಹೊರೆಯವರು. ಆಸ್ಪತ್ರೆಯ ವೈದ್ಯನು ಅವರ ಮನೆಬಾಗಿಲಿಗೆ ಹೋಗಲಾರನು. ಮನೆಯವರು ವೈದ್ಯನ ಭಾಷೆಯನ್ನು ಅರಿಯಲಾರರು. ಈ ಎರಡು ದಡಗಳ ನಡುವೆ ಸೇತುವೆ ಬೇಕಾಯಿತು.

ಅಮೆರಿಕದ ಬಾಸ್ಟನ್ ನಗರದ ಮಾನಸಿಕ ರೋಗಗಳ ಆಸ್ಪತ್ರೆಯಲ್ಲಿ ಡಾಕ್ಟರ್ ಸದರ್ಡ್ ಎಂಬವನು ಮುಖ್ಯಸ್ಥನಾಗಿದ್ದಾಗ, ಸಮಾಜಸೇವೆಯ ವಿಭಾಗವನ್ನು ಮೇರಿ ಜ್ಯಾರೆಟ್ ಎಂಬ ಮಹಿಳೆಯು ನಡೆಸುತ್ತಿದ್ದಳು. ಯುದ್ಧದಿಂದ ಹಿಂದಿರುಗುವ ಯೋಧರ ನೆರವಿಗೆ ತರಬೇತಾದ ಕಾರ್ಯಕರ್ತರು ಬೇಕೆಂದು 1918ರ ಬೇಸಗೆಯಲ್ಲಿ ಮಸಾಚುಸೆಟ್ಸ್ ಸಂಸ್ಥಾನದ ಸ್ಮಿತ್ ಕಾಲೇಜಿನಲ್ಲಿ ಒಂದು ಶಿಕ್ಷಣ ಕ್ರಮವನ್ನು ಪ್ರಾರಂಭಿಸಲಾಯಿತು. ಅದರ ಹೊಣೆ ಹೊತ್ತವಳು ಜ್ಯಾರೆಟ್. ಮನೋವೈದ್ಯಕೀಯ ಸಮಾಜಕಾರ್ಯಕ್ಕೆಂದೇ ಮೀಸಲಾದ ತರಬೇತಿಯ ಮೊದಲ ಹೆಜ್ಜೆಗಳಲ್ಲಿ ಇದೊಂದು. ಅದೇ ವರ್ಷ ರೆಡ್ ಕ್ರಾಸ್ ಸಂಸ್ಥೆಯು ಆ ದೇಶದ ಸೈನಿಕ ಆಸ್ಪತ್ರೆಗಳಿಗೆ ಸಮಾಜಕಾರ್ಯಕರ್ತರನ್ನು ಒದಗಿಸತೊಡಗಿತು. 1926ರಲ್ಲಿ ಮಾಜಿ ಸೈನಿಕರ ಸರಕಾರಿ ಇಲಾಖೆಯೇ ತನ್ನದೊಂದು ಸಮಾಜಕಾರ್ಯ ವಿಭಾಗವನ್ನು ತೆರೆಯಿತು. ಎರಡನೆಯ ಮಹಾಯುದ್ಧದ ನಡುವೆ, 1943ರಲ್ಲಿ, ಇದನ್ನು ಸೈನ್ಯದೊಳಗಿನ ಒಂದು ಪ್ರತ್ಯೇಕ ಕಸುಬೆಂದು ಅಂಗೀಕರಿಸಲಾಯಿತು. 1945ರಲ್ಲಿ ಅಧಿಕಾರಿಯ ದರ್ಜೆಯೂ ದೊರೆಯಿತು. ಹೀಗೆ ಯುದ್ಧದ ಅಗತ್ಯದಿಂದ ಬಲಗೊಂಡ ವೃತ್ತಿಯು ಶಾಂತಿಕಾಲದ ಆಸ್ಪತ್ರೆಗಳಿಗೂ ಬೇಕಾದುದಾಯಿತು.

ಕೆಲಸದ ಸ್ವರೂಪ

ಈ ಕಾರ್ಯಕರ್ತನು ಮಾಡುವುದೇನು? ಔಷಧಿಯನ್ನು ಬರೆದುಕೊಡುವ ಅಧಿಕಾರ ಅವನಿಗಿಲ್ಲ. ಅವನ ಮೊದಲನೆಯ ಕೆಲಸ, ರೋಗಿಯ ಸಾಮಾಜಿಕ ವೃತ್ತಾಂತವನ್ನು ಸಂಗ್ರಹಿಸುವುದು: ಹುಟ್ಟಿದ ಮನೆ ಎಂಥದು, ಸೈನ್ಯಕ್ಕೆ ಏಕೆ ಸೇರಿದನು, ಎಲ್ಲೆಲ್ಲಿ ಸೇವೆ ಮಾಡಿದನು, ಮನೆಯಲ್ಲಿ ಯಾರು ಯಾರ ಮಾತು ಕೇಳುತ್ತಾರೆ, ಸಾಲವಿದೆಯೇ, ಜಮೀನಿನ ವ್ಯಾಜ್ಯವಿದೆಯೇ, ನಿದ್ದೆ ಹೇಗೆ, ಕುಡಿತ ಎಷ್ಟು. ಗಡಿಯಲ್ಲಿರುವವನನ್ನು ಶತ್ರುವಿನ ಭಯವೊಂದೇ ಕಾಡುವುದಿಲ್ಲ. ಊರಿನಲ್ಲಿ ಬತ್ತಿದ ಕೊಳವೆಬಾವಿ, ದಾಯಾದಿಗಳ ಕಲಹ, ನಿಂತುಹೋದ ತಂಗಿಯ ಮದುವೆ ಇವೂ ಅಷ್ಟೇ ಕಾಡುತ್ತವೆ. ಇವುಗಳ ಅರಿವಿಲ್ಲದೆ ಕೊಟ್ಟ ಚಿಕಿತ್ಸೆ ಅರ್ಧ ಚಿಕಿತ್ಸೆಯಷ್ಟೆ.

ಎರಡನೆಯ ಕೆಲಸ, ಮನೆಯವರಿಗೆ ರೋಗದ ಸ್ವರೂಪವನ್ನು ತಿಳಿಯಹೇಳುವುದು. ಮೂರನೆಯದು, ಪಿಂಚಣಿ, ಚಿಕಿತ್ಸಾ ಸೌಲಭ್ಯ, ಉದ್ಯೋಗ ಮುಂತಾದ ವಿಷಯಗಳಲ್ಲಿ ಯಾವ ಕಚೇರಿಗೆ ಯಾವ ಕಾಗದವೆಂಬುದನ್ನು ತೋರಿಸಿ ಕೈಹಿಡಿದು ನಡೆಸುವುದು. ನಾಲ್ಕನೆಯದು, ರೋಗಿಯು ಆಸ್ಪತ್ರೆಯಿಂದ ಹೊರಟ ಮೇಲೆಯೂ ಅವನ ಬೆನ್ನು ಬಿಡದೆ ಯೋಗಕ್ಷೇಮವನ್ನು ವಿಚಾರಿಸುತ್ತಿರುವುದು. ಈ ನಾಲ್ಕನೆಯದು ಎಲ್ಲಕ್ಕಿಂತ ಕಷ್ಟವಾದುದು, ಎಲ್ಲಕ್ಕಿಂತ ಬೇಗ ಕೈಬಿಟ್ಟುಹೋಗುವುದು.

ಸೈನ್ಯದೊಳಗೆ ಕೆಲಸ ಮಾಡುವವರಿಗೆ ಇನ್ನೂ ಒಂದು ಧರ್ಮಸಂಕಟವುಂಟು. ಅವರು ಯಾರ ಸೇವಕರು? ಸೈನ್ಯಕ್ಕೆ ಬೇಕಾದುದು ಬಂದೂಕು ಹಿಡಿಯಬಲ್ಲ ಯೋಧ. ರೋಗಿಗೆ ಬೇಕಾದುದು ತನ್ನ ನೆಮ್ಮದಿ. ಗುಣಪಡಿಸಿದ ಅಧಿಕಾರಿಗಳನ್ನು ಮತ್ತೆ ಅದೇ ಕಂದಕಗಳಿಗೆ ಕಳುಹಬೇಕಾದ ರಿವರ್ಸನನ್ನು ಕಾಡಿದ್ದು ಇದೇ ಪ್ರಶ್ನೆ. ‘ನಾನು ಹೇಳಿದ್ದು ಮೇಲಧಿಕಾರಿಯ ಕಿವಿಗೆ ಬಿದ್ದರೆ ಬಡ್ತಿಗೆ ಕಲ್ಲು ಬೀಳುತ್ತದೆ’ ಎಂಬ ಶಂಕೆಯಿಂದಲೇ ಯೋಧರು ಬಾಯಿ ಬಿಡುವುದಿಲ್ಲ. ಆದುದರಿಂದ ಯಾವುದನ್ನು ಗುಟ್ಟಾಗಿಡಬಲ್ಲೆ, ಯಾವುದನ್ನು ಗುಟ್ಟಾಗಿಡಲಾರೆ ಎಂಬುದನ್ನು ಮೊದಲ ಭೇಟಿಯಲ್ಲಿಯೇ ಸ್ಪಷ್ಟವಾಗಿ ಹೇಳಿಬಿಡುವುದು ಈ ವೃತ್ತಿಯ ನೀತಿ. ಪ್ರಾಣಾಪಾಯದ ಸಂದರ್ಭವೊಂದರಲ್ಲಿ ಗುಟ್ಟಿಗಿಂತ ಜೀವವೇ ದೊಡ್ಡದು.

ನಮ್ಮ ದೇಶದಲ್ಲಿ

ಭಾರತದಲ್ಲಿ ಸಮಾಜಕಾರ್ಯದ ಉಚ್ಚ ಶಿಕ್ಷಣವು 1936ರಲ್ಲಿ ಮುಂಬಯಿಯ ಸರ್ ದೊರಾಬ್ಜಿ ಟಾಟಾ ಶಾಲೆಯಿಂದ ಆರಂಭವಾಯಿತು. ಈಗ ಅದು ಟಾಟಾ ಸಮಾಜವಿಜ್ಞಾನ ಸಂಸ್ಥೆ. ನಮ್ಮ ನಾಡಿನ ಮಟ್ಟಿಗೆ ಹೇಳುವುದಾದರೆ, ಬೆಂಗಳೂರಿನ ಮಾನಸಿಕ ಆಸ್ಪತ್ರೆಯೊಡನೆ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಹುಟ್ಟಿತು. ಅದರ ಮೊದಲ ನಿರ್ದೇಶಕರು ಡಾಕ್ಟರ್ ಎಂ. ವಿ. ಗೋವಿಂದಸ್ವಾಮಿಯವರು. 1960ರ ದಶಕದಲ್ಲಿ ಅಲ್ಲಿ ಮನೋವೈದ್ಯಕೀಯ ಸಮಾಜಕಾರ್ಯದ ತರಬೇತಿ ಪ್ರಾರಂಭವಾಯಿತು. ಸಂಸ್ಥೆ ಮತ್ತು ಆಸ್ಪತ್ರೆಗಳೆರಡೂ 1974ರಲ್ಲಿ ಒಂದುಗೂಡಿ ‘ನಿಮ್ಹಾನ್ಸ್’ ಎಂದು ಪ್ರಸಿದ್ಧವಾದುವು.

ಮನೆಯವರನ್ನು ಚಿಕಿತ್ಸೆಯೊಳಗೆ ಸೇರಿಸಿಕೊಳ್ಳುವ ವಿಷಯದಲ್ಲಿ ನಮ್ಮ ದೇಶವು ಇತರರಿಗೆ ದಾರಿ ತೋರಿದೆಯೆನ್ನಬಹುದು. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾಕ್ಟರ್ ವಿದ್ಯಾಸಾಗರರು ಆವರಣದಲ್ಲಿ ಡೇರೆಗಳನ್ನು ಹಾಕಿಸಿ, ರೋಗಿಯ ಬಂಧುಗಳು ರೋಗಿಯೊಡನೆಯೇ ತಂಗುವಂತೆ ಮಾಡಿದರು. ರೋಗಿಯನ್ನು ಆಸ್ಪತ್ರೆಗೆ ಒಪ್ಪಿಸಿ ಹೊರಟುಹೋಗುತ್ತಿದ್ದವರು ಅವನ ಶುಶ್ರೂಷೆಯನ್ನು ಕಲಿತು ಅವನನ್ನು ಮನೆಗೆ ಕರೆದೊಯ್ಯತೊಡಗಿದರು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆದ ಪ್ರಯೋಗವು ಮಾನಸಿಕ ಚಿಕಿತ್ಸೆಯನ್ನು ಹಳ್ಳಿಯ ಆರೋಗ್ಯ ಕೇಂದ್ರದ ವರೆಗೆ ಒಯ್ಯಬಹುದೆಂದು ತೋರಿಸಿತು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಸಾಲ್ಮನ್ ರಣರಂಗದಲ್ಲಿ ಬಯಸಿದ ಸಾಮೀಪ್ಯವನ್ನು ಬಳ್ಳಾರಿಯು ಹಳ್ಳಿಗಳಲ್ಲಿ ಸಾಧಿಸಿತೆಂದರೆ ಅತಿಶಯೋಕ್ತಿಯಾಗದು.

ಸೈನಿಕರಿಗೆ ಸೈನಿಕ ಆಸ್ಪತ್ರೆಗಳ ಮನೋವೈದ್ಯರಿದ್ದಾರೆ. ನಿವೃತ್ತರಿಗೂ ಅವರ ಅವಲಂಬಿತರಿಗೂ 2003ರಲ್ಲಿ ಆರಂಭವಾದ ಮಾಜಿ ಸೈನಿಕರ ಅಂಶದಾಯಿ ಆರೋಗ್ಯ ಯೋಜನೆಯಿದೆ. 2022ರ ಅಕ್ಟೋಬರ್ 10ರಂದು ದೇಶಕ್ಕೆಲ್ಲ ‘ಟೆಲಿ ಮಾನಸ್’ ಎಂಬ ದೂರವಾಣಿ ಸೇವೆ ಪ್ರಾರಂಭವಾಯಿತು. 14416 ಎಂಬ ಸಂಖ್ಯೆಗೆ ಯಾರು ಬೇಕಾದರೂ, ಹೆಸರನ್ನು ಹೇಳದೆಯೂ, ಕನ್ನಡದಲ್ಲಿಯೇ ಮಾತನಾಡಿ ಸಲಹೆ ಪಡೆಯಬಹುದು. ಸೈನಿಕರಿಗೂ ಅವರ ಕುಟುಂಬದವರಿಗೂ ಇದರದೇ ಪ್ರತ್ಯೇಕ ಘಟಕವೊಂದನ್ನು 2023ರ ಡಿಸೆಂಬರ್ 1ರಂದು ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ತೆರೆಯಲಾಯಿತು.

ಒಂದು ಉದಾಹರಣೆ

ಇಷ್ಟು ಹೇಳಿದುದನ್ನು ಒಂದು ಉದಾಹರಣೆಯಿಂದ ಸ್ಪಷ್ಟಪಡಿಸೋಣ. ಇದು ಯಾವ ವ್ಯಕ್ತಿಯ ವೃತ್ತಾಂತವೂ ಅಲ್ಲ, ಪಾಠಕ್ಕಾಗಿ ಕಟ್ಟಿಕೊಂಡುದು.

ಅಜ್ಜಂಪುರದ ಬಳಿಯ ಹಳ್ಳಿಯೊಂದರಿಂದ ಸೈನ್ಯಕ್ಕೆ ಸೇರಿ, ಹದಿನೇಳು ವರ್ಷ ಸೇವೆ ಮಾಡಿ, ನಲ್ವತ್ತರೊಳಗೇ ನಿವೃತ್ತನಾಗಿ ಬಂದ ಒಬ್ಬ ನಾಯಕನಿದ್ದಾನೆಂದು ಇಟ್ಟುಕೊಳ್ಳೋಣ. ಮೊದಲ ಕೆಲವು ತಿಂಗಳು ಎಲ್ಲವೂ ಸರಿಯಾಗಿಯೇ ಇತ್ತು. ಬಳಿಕ ಅವನು ಮನೆಯೊಳಗೆ ಮಲಗುವುದನ್ನು ಬಿಟ್ಟು ತೋಟದ ಪಂಪ್‌ಮನೆಯಲ್ಲಿ ಮಲಗತೊಡಗಿದನು. ಜಾತ್ರೆಯಲ್ಲಿ ಗರ್ನಾಲು ಸಿಡಿದಾಗ ನೆಲಕ್ಕೆ ಬಿದ್ದು ಬೆವರಿದನು, ಕಂಡವರು ನಕ್ಕರು, ಮುಂದೆ ಅವನು ಜಾತ್ರೆಗೆ ಹೋಗಲಿಲ್ಲ. ಈರುಳ್ಳಿಯ ಬೆಲೆಯ ವಿಷಯಕ್ಕೆ ತಮ್ಮನ ಮೇಲೆ ಕೈಮಾಡಿದನು. ಸೈನಿಕ ಕ್ಯಾಂಟೀನಿನಿಂದ ತಂದ ರಮ್ಮು ತಿಂಗಳ ಮೊದಲ ವಾರದಲ್ಲೇ ಮುಗಿಯತೊಡಗಿತು. ತಾಯಿಯು ದೇವಸ್ಥಾನಕ್ಕೆ ಹರಕೆ ಹೊತ್ತು ತಾಯತ ಕಟ್ಟಿಸಿದಳು. ಹೆಂಡತಿಯು ಯಾರೊಡನೆಯೂ ಹೇಳದೆ ಮಕ್ಕಳನ್ನು ಕಡೂರಿನ ತವರಿನಲ್ಲಿ ಬಿಟ್ಟು ಬಂದಳು.

ತಾಲ್ಲೂಕು ಆಸ್ಪತ್ರೆಯ ಮಾನಸಿಕ ಚಿಕಿತ್ಸಾ ದಿನದಂದು ಅವನು ಬಂದುದು ಹೊಟ್ಟೆನೋವಿನ ನೆವದಿಂದ. ವೈದ್ಯನು ಲಕ್ಷಣಗಳನ್ನು ಗುರುತಿಸಿ, ಆಘಾತೋತ್ತರ ಒತ್ತಡದ ಕಾಯಿಲೆಯೆಂದು ನಿರ್ಣಯಿಸಿದನು. 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘವು ತನ್ನ ರೋಗಗಳ ಪಟ್ಟಿಯಲ್ಲಿ ಸೇರಿಸಿದ ಹೆಸರು ಇದು. ಇನ್ನು ಮುಂದಿನದು ಸಮಾಜಕಾರ್ಯಕರ್ತೆಯ ಪಾಲಿನ ಕೆಲಸ.

ಆಕೆ ಮನೆಗೆ ಹೋದಾಗ ಮೊದಲು ಮಾತನಾಡಿಸಿದ್ದು ತಾಯಿಯನ್ನು. “ಅಮ್ಮಾ, ತಾಯತವನ್ನು ಬಿಚ್ಚಬೇಡಿ, ಹಾಗೇ ಇರಲಿ. ಅದರ ಜೊತೆಗೆ ಈ ಮಾತ್ರೆಯನ್ನೂ ಹೊತ್ತಿಗೆ ಸರಿಯಾಗಿ ಕೊಡಿ” ಎಂದಳು. ನಂಬಿಕೆಯನ್ನು ಹಳಿದು ಹೊರಗೆ ನಿಲ್ಲುವುದಕ್ಕಿಂತ, ಅದನ್ನು ಗೌರವಿಸಿ ಒಳಗೆ ಪ್ರವೇಶ ಪಡೆಯುವುದು ಜಾಣತನ. ಹೆಂಡತಿಯು, “ಇವರು ಮೊದಲು ಹೀಗಿರಲಿಲ್ಲ ಮೇಡಂ, ನಮ್ಮ ಮೇಲೆಯೇ ಬೇಸರವೇನೋ ಎಂದುಕೊಂಡಿದ್ದೆ” ಎಂದಳು. ಇದು ಬೇಸರವಲ್ಲ, ಅವರು ತಮ್ಮ ದುಃಸ್ವಪ್ನಗಳಿಂದ ನಿಮ್ಮನ್ನು ಕಾಪಾಡಲೆಂದೇ ಹೊರಗೆ ಮಲಗುತ್ತಿರಬಹುದು ಎಂಬ ಒಂದು ವಿವರಣೆಯಿಂದ ಆ ಮನೆಯಲ್ಲಿ ಎಷ್ಟೋ ದಿನಗಳ ಗಂಟು ಸಡಿಲವಾಯಿತು. ಯೋಧನು ಮಾತ್ರ, “ನನಗೇನೂ ಆಗಿಲ್ಲ, ನೀವು ಸುಮ್ಮನೆ ಬಂದಿರಿ” ಎಂದನು. ಆಕೆ ವಾದಿಸಲಿಲ್ಲ, ಅವನು ಸೇವೆ ಮಾಡಿದ ಸ್ಥಳಗಳ ಹೆಸರನ್ನು ಕೇಳುತ್ತ ಕುಳಿತಳು. ಮೂರನೆಯ ಭೇಟಿಯಲ್ಲಿ ಅವನು ತನ್ನ ಕಣ್ಣೆದುರೇ ಸತ್ತ ಸಂಗಡಿಗನ ಹೆಸರನ್ನು ಹೇಳಿದನು.

ಮನೆಯಲ್ಲಿ ಪರವಾನಗಿಯ ಬಂದೂಕು ಇದೆಯೇ ಎಂದು ಆಕೆ ನೇರವಾಗಿ ಕೇಳಿದಳು, ಇತ್ತು. ಅದನ್ನು ಕೆಲವು ಕಾಲ ಪೊಲೀಸು ಠಾಣೆಯ ವಶದಲ್ಲಿಡಲು ಅವನನ್ನೇ ಒಪ್ಪಿಸಿದಳು. ಸಾಯುವ ಯೋಚನೆ ಬರುತ್ತದೆಯೇ ಎಂದೂ ನೇರವಾಗಿ ಕೇಳಿದಳು. ಹೀಗೆ ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುತ್ತದೆಂಬ ಭಯ ನಿರಾಧಾರವಾದುದು; ಕೇಳಿದವರೊಬ್ಬರಿದ್ದಾರೆಂಬುದೇ ಎಷ್ಟೋ ಮಂದಿಯನ್ನು ಉಳಿಸುತ್ತದೆ. ತರೀಕೆರೆಯಲ್ಲಿದ್ದ ಅವನ ಹಳೆಯ ದಳದ ನಿವೃತ್ತನೊಬ್ಬನನ್ನು ಪತ್ತೆಮಾಡಿ ಇಬ್ಬರನ್ನೂ ಭೇಟಿ ಮಾಡಿಸಿದಳು. ಹರಿದ ಬಂಧದ ಒಂದು ಎಳೆ ಮತ್ತೆ ಕೂಡಿತು.

ಆರು ತಿಂಗಳ ಬಳಿಕ ಅವನು ಸಂಪೂರ್ಣವಾಗಿ ಗುಣವಾಗಿದ್ದನೇ? ಇಲ್ಲ. ದುಃಸ್ವಪ್ನಗಳು ಕಡಮೆಯಾಗಿದ್ದುವು, ನಿಂತಿರಲಿಲ್ಲ. ಆದರೆ ಅವನು ಮನೆಯೊಳಗೆ ಮಲಗುತ್ತಿದ್ದನು. ಮಕ್ಕಳು ಕಡೂರಿನಿಂದ ಹಿಂದಿರುಗಿದ್ದರು. ಕುಡಿತಕ್ಕೆ ಚಿಕಿತ್ಸೆ ನಡೆದಿತ್ತು. ಈ ವೃತ್ತಿಯಲ್ಲಿ ಯಶಸ್ಸೆಂದರೆ ಸಾಮಾನ್ಯವಾಗಿ ಇಷ್ಟೇ, ಮತ್ತು ಇಷ್ಟು ಎಂಬುದು ಅಲ್ಪವಾದುದಲ್ಲ.

ಈ ವೃತ್ತಿಯನ್ನು ಕೈಕೊಳ್ಳುವವರಿಗೆ

ನಮ್ಮ ಕಾಲೇಜುಗಳಿಂದ ಪದವಿ ಪಡೆದು ಮುಂದೇನೆಂದು ಯೋಚಿಸುವ ತರುಣ ತರುಣಿಯರಲ್ಲಿ ಕೆಲವರಿಗಾದರೂ ಈ ಮಾರ್ಗವು ಒಪ್ಪುವಂಥದು. ಯಾವುದೇ ಪದವಿಯ ನಂತರ ಎರಡು ವರ್ಷಗಳ ಸಮಾಜಕಾರ್ಯದ ಸ್ನಾತಕೋತ್ತರ ವ್ಯಾಸಂಗವನ್ನು ಮಾಡಬೇಕು. ಮಂಗಳೂರಿನಲ್ಲಿ 1960ರಲ್ಲಿ ಸ್ಥಾಪನೆಯಾದ ರೋಶನಿ ನಿಲಯವು ಈ ಶಿಕ್ಷಣಕ್ಕೆ ಹೆಸರಾದುದು. ತರೀಕೆರೆಗೆ ಹತ್ತಿರದ ಶಂಕರಘಟ್ಟದಲ್ಲಿರುವ ಕುವೆಂಪು ವಿಶ್ವವಿದ್ಯಾನಿಲಯದಲ್ಲಿಯೂ ಇದಕ್ಕೆ ಅವಕಾಶವುಂಟು. ಆ ಬಳಿಕ ಮಾನಸಿಕ ಆಸ್ಪತ್ರೆಯಲ್ಲಿ ಎರಡು ವರ್ಷಗಳ ಪೂರ್ಣಕಾಲದ ವಿಶೇಷ ತರಬೇತಿ. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆಯು ಮನೋವೈದ್ಯಕೀಯ ಸಮಾಜಕಾರ್ಯಕರ್ತನೆಂದರೆ ಯಾರೆಂಬುದನ್ನು ಇಂಥ ವ್ಯಾಸಂಗದ ಆಧಾರದ ಮೇಲೆಯೇ ನಿರ್ಧರಿಸಿದೆ. ಆದುದರಿಂದ ಬರಿಯ ಸದ್ಭಾವನೆ ಇದ್ದರೆ ಸಾಲದು. ಶಾಸ್ತ್ರಜ್ಞಾನವೂ ಅನುಭವಿಗಳ ಮೇಲ್ವಿಚಾರಣೆಯಲ್ಲಿ ಪಡೆದ ಅಭ್ಯಾಸವೂ ಅಗತ್ಯ.

ಇದರ ಅವಶ್ಯಕತೆ ಮುಂದೆ ಹೆಚ್ಚುವುದೇ ಹೊರತು ಕಡಮೆಯಾಗದು. ನಮ್ಮ ಯೋಧರು ನಡುವಯಸ್ಸಿನಲ್ಲಿಯೇ ನಿವೃತ್ತರಾಗಿ ಊರಿಗೆ ಬರುತ್ತಾರೆ. 2022ರಲ್ಲಿ ಘೋಷಿತವಾದ ಅಗ್ನಿಪಥ ಯೋಜನೆಯಂತೆ ಸೇರಿದವರಲ್ಲಿ ಬಹುಭಾಗ ನಾಲ್ಕೇ ವರ್ಷಗಳ ಸೇವೆಯ ಬಳಿಕ ಹಿಂದಿರುಗಬೇಕಾಗುತ್ತದೆ. ಅವರ ಮುಂದೆ ಬಾಳಿನ ಬಹುಭಾಗ ಉಳಿದಿರುತ್ತದೆ.

ನಾವು ಮಾಡಬಹುದಾದುದು

ಸೈನ್ಯದಿಂದ ಬಂದವರೆಲ್ಲರೂ ರೋಗಿಗಳೆಂದು ಯಾರೂ ತಿಳಿಯಬಾರದು. ಬಹುಮಂದಿ ಆರೋಗ್ಯವಂತರಾಗಿ, ಶಿಸ್ತಿನ ಗೃಹಸ್ಥರಾಗಿ ಬಾಳುತ್ತಾರೆ. ಆದರೆ ತಿಂಗಳಿಗೂ ಮೀರಿ ನಿದ್ದೆ ಕೆಟ್ಟಿದ್ದರೆ, ದುಃಸ್ವಪ್ನಗಳು ಮರುಕಳಿಸುತ್ತಿದ್ದರೆ, ಸಣ್ಣ ಸದ್ದಿಗೂ ಬೆಚ್ಚಿಬೀಳುತ್ತಿದ್ದರೆ, ಕಾರಣವಿಲ್ಲದೆ ಸಿಡಿಮಿಡಿಗೊಂಡು ಜನರಿಂದ ದೂರ ಸರಿಯುತ್ತಿದ್ದರೆ, ಕುಡಿತ ಏರುತ್ತಿದ್ದರೆ, ಅದನ್ನು ಸ್ವಭಾವದೋಷವೆಂದು ಕಡೆಗಣಿಸಬಾರದು. ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಬೇಕು. ಕರ್ನಾಟಕದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ‘ಮನೋಚೈತನ್ಯ’ ಕಾರ್ಯಕ್ರಮವನ್ನು ಈ ಉದ್ದೇಶಕ್ಕೆಂದೇ ರೂಪಿಸಲಾಗಿದೆ. ಸಾಯುವ ಮಾತನ್ನಾಡುವವನನ್ನು ಒಬ್ಬನೇ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಮನೆಯವರು ಮಾಡಬೇಕಾದುದು ಕಷ್ಟದ ಕೆಲಸವೇನಲ್ಲ. ಹೇಳು ಹೇಳು ಎಂದು ಪೀಡಿಸಬಾರದು. ಹೇಳಲು ಹೊರಟಾಗ ಬೇಡವೆಂದು ತಡೆಯಲೂಬಾರದು. ದೀಪಾವಳಿಯ ಪಟಾಕಿಗೆ ಮುಂಚೆ ಒಂದು ಮಾತು ತಿಳಿಸಬೇಕು. ಮನೆಯ ಹೊಣೆಗಳನ್ನು ಅವನ ಕೈಯಿಂದ ಕಿತ್ತುಕೊಳ್ಳದೆ ಸ್ವಲ್ಪಸ್ವಲ್ಪವಾಗಿ ಒಪ್ಪಿಸಬೇಕು. ಊರಿನವರು ಅವನನ್ನು ಆಗಸ್ಟ್ 15ರಂದು ಹಾರ ಹಾಕಿ ಕರೆಯುವಂತೆಯೇ ಉಳಿದ ದಿನಗಳಲ್ಲಿಯೂ ಮಾತನಾಡಿಸಬೇಕು. ಸಾಮೀಪ್ಯ, ಶೀಘ್ರತೆ, ಭರವಸೆ ಎಂಬ ಆ ಮೂರು ಸೂತ್ರಗಳು ರಣರಂಗದ ಬಳಿಯ ಆಸ್ಪತ್ರೆಗೆ ಎಷ್ಟು ಅನ್ವಯಿಸುತ್ತವೆಯೋ ಅಜ್ಜಂಪುರದ ಒಂದು ಮನೆಯ ಜಗಲಿಗೂ ಅಷ್ಟೇ ಅನ್ವಯಿಸುತ್ತವೆ. ಸಮಾಜಕಾರ್ಯಕರ್ತನು ಆ ಜಗಲಿಯ ವರೆಗೆ ಬಂದು ದಾರಿಯನ್ನು ತೋರಿಸಬಲ್ಲನು. ಅವನು ಎದ್ದು ಹೋದ ಮೇಲೆ ಯೋಧನ ಪಕ್ಕದಲ್ಲಿ ಕುಳಿತಿರಬೇಕಾದವರು ಮನೆಯವರೂ ನೆರೆಹೊರೆಯವರೂ ಆಗಿದ್ದಾರೆ.